ಫಸ್ಟ್ ಬಂದರೂ ಸೋಲಬಹುದು

ಹಾಯಿದೋಣಿ ಪಂದ್ಯದಲ್ಲಿ ಮೊದಲು ಗುರಿ ಮುಟ್ಟಿದವನೇ ಗೆದ್ದ ಅಂದುಕೊಂಡಿರುತ್ತೇವೆ, ಅಲ್ವಾ? ಟೀಮ್ ರೇಸಿಂಗ್‌ನಲ್ಲಿ ಹಾಗಿಲ್ಲ. ಸಾಮಾನ್ಯವಾಗಿ ಒಂದೊಂದು ಕಡೆ ಮೂರು ಡಿಂಗಿ, ಅಂದರೆ ಪುಟ್ಟ ಹಾಯಿದೋಣಿ. ಮೊದಲು ಬಂದವರಿಗೆ 1 ಅಂಕ, ಕೊನೆಯವರಿಗೆ 6. ಎಲ್ಲ ಕೂಡಿದರೆ 21, ಹಾಗಾಗಿ 10 ಅಥವಾ ಅದಕ್ಕಿಂತ ಕಡಿಮೆ ಅಂಕ ಬಂದ ತಂಡ ಗೆದ್ದಂತೆ. ಒಬ್ಬ ಫಸ್ಟ್ ಬಂದು ಉಳಿದಿಬ್ಬರು ಐದು, ಆರನೆಯವರಾದರೆ ಒಟ್ಟು 12, ಸೋತರು. ಎದುರಿನವರು 2, 3, 4 ಅಂತ ಬಂದು 9ಕ್ಕೆ ಗೆದ್ದುಬಿಡುತ್ತಾರೆ!

ಅದಕ್ಕೇ ಮುಂದಿರುವವನು ಬೇಕಂತಲೇ ನಿಧಾನ ಮಾಡುತ್ತಾನೆ, ತಿರುವು ತೋರಿಸಲು ನೀರಿನಲ್ಲಿ ತೇಲಿಬಿಟ್ಟ ಗುರುತಿನ (ಬೋಯ್) ಹತ್ತಿರ ಕಾದು ನಿಂತು ಎದುರಾಳಿಯನ್ನು ಸಿಕ್ಕಿಸುತ್ತಾನೆ, ಅವನ ಹಾಯಿಗೆ ಬರುವ ಗಾಳಿ ತಡೆಯುತ್ತಾನೆ, ಅಷ್ಟರಲ್ಲಿ ಹಿಂದಿದ್ದ ತನ್ನವನು ಪಾರಾಗಬೇಕು. ನೀರಿನ ಮೇಲೆ ಕಬಡ್ಡಿ ಆಡಿದ ಹಾಗೆ. ಅಂಪೈರ್‌ಗಳು ಮೋಟರ್ ಬೋಟ್‌ನಲ್ಲಿ ಬೆನ್ನು ಹತ್ತಿ, ಬಾವುಟ ಎತ್ತಿ ಅಲ್ಲೇ ತೀರ್ಪು ಕೊಡುತ್ತಾರೆ.

ಇದರ ವಿಶ್ವ ಚಾಂಪಿಯನ್‌ಶಿಪ್ ಶುರುವಾಗಿದ್ದು 1995ರಲ್ಲಿ, ಇಂಗ್ಲೆಂಡಿನ ವೆಸ್ಟ್ ಕರ್ಬಿಯಲ್ಲಿ. ಅದೇ ಊರಿನ ವಿಲ್ಸನ್ ಟ್ರೋಫಿ ಇನ್ನೂ ಹಳೆಯದು, 1949ರದ್ದು.

ಮುಂಬೈನ ಮಾಟುಂಗಾದಲ್ಲಿ ಕಾಫಿ ಕುಡಿಯುತ್ತಾ ಇದನ್ನು ಗೆಳೆಯರಿಗೆ ಹೇಳಿದೆ. "ನಮ್ಮ ಆಫೀಸಲ್ಲಿ ಹೀಗೆ ಅಂಕ ಹಾಕಿದರೆ ಸ್ಟಾರ್ ಪರ್ಫಾರ್ಮರ್ ಗತಿ ಏನೋ ಮಾರಾಯ" ಅಂದ ಒಬ್ಬ. ನಕ್ಕೆವು, ಆದರೆ ನನಗೆ ಆ ಮಾತು ಲೋಕಲ್ ಟ್ರೈನ್ ಇಳಿಯುವವರೆಗೂ ತಲೆಯಲ್ಲಿತ್ತು. ಮಗಳಿಗೆ ನಾನು ಕೇಳುವುದೂ ಸುಮ್ನೆ ರ‍್ಯಾಂಕ್ ಒಂದನ್ನೇ.

ಮಳೆ ನಿಂತ ಮೇಲೆ ಗೇಟ್‌ವೇ ಕಡೆ ಹಾಯಿದೋಣಿ ನೋಡಲು ಹೋಗೋಣ ಅಂತಿದ್ದೇವೆ. ಬರುವವರು ಹೇಳಿ.