ಪವಿತ್ರ ಶನಿವಾರ: ಒಬ್ಬೊಬ್ಬರೇ ಹೇಳಬೇಕಾದ ಉತ್ತರ

ಈಸ್ಟರ್ ಹಬ್ಬದ ಹಿಂದಿನ ದಿನವಾದ ಪವಿತ್ರ ಶನಿವಾರ ಬೆಳಿಗ್ಗೆ ಕಥೋಲಿಕ ಚರ್ಚಿನಲ್ಲಿ ಬಲಿಪೂಜೆ (ಮಾಸ್) ಇರುವುದಿಲ್ಲ. ಪೀಠದ ಮೇಲಿನ ಬಟ್ಟೆ ಗುರುವಾರ ರಾತ್ರಿಯೇ ತೆಗೆದಾಗಿದೆ, ಪರಮಪ್ರಸಾದದ ಪೆಟ್ಟಿಗೆ ಖಾಲಿ, ಬಾಗಿಲು ತೆರೆದೇ ಇದೆ. ರಾತ್ರಿ ಜ್ಞಾನಸ್ನಾನ, ಅಂದರೆ ಕ್ರೈಸ್ತರಾಗುವ ನೀರಿನ ಸಂಸ್ಕಾರ, ಪಡೆಯಲಿರುವ ವಯಸ್ಕರು ಈ ಹೊತ್ತಿಗೆ ಬಂದು ವಿಶ್ವಾಸ ಸಂಗ್ರಹವನ್ನು, ಅಂದರೆ ನಂಬಿಕೆಯ ಸಾರ ಹೇಳುವ ಸಾಲುಗಳನ್ನು, ಬಾಯಿಪಾಠ ಒಪ್ಪಿಸುತ್ತಾರೆ. ಗುರುಗಳು ಅವರ ಕಿವಿ, ತುಟಿ ಮುಟ್ಟಿ ‘ಎಫ್ಫಥಾ’, ಅಂದರೆ ತೆರೆಯಲಿ ಎನ್ನುತ್ತಾರೆ. ಮಾರ್ಕನ ಶುಭಸಂದೇಶದ 7ನೇ ಅಧ್ಯಾಯದಲ್ಲಿ ಯೇಸು ಕಿವುಡನಿಗೆ ಹೇಳಿದ ಮಾತು ಅದು. ಒಪ್ಪಿಸುವಾಗ ತಡವರಿಸಿದರೆ ಚಿಂತೆಯಿಲ್ಲ. ಸಾಲುಗಳು ಸರಾಗವಾಗಿ ಬಂದು, ‘ಪಾಪಗಳ ಕ್ಷಮೆಯನ್ನು’ ಎಂದಾಗ ಯಾರ ಪಾಪ ಎಂದು ಕೇಳಿದರೆ ಸುಮ್ಮನಾಗುವವರ ಬಗ್ಗೆ ಚಿಂತಿಸಬೇಕು.

ಇಲ್ಲಿಗೆ ಬರುವ ದಾರಿ ಉದ್ದ. ಮೊದಲ ಮೆಟ್ಟಿಲು ಚರ್ಚಿನ ಬಾಗಿಲಲ್ಲಿ, ಎರಡು ಪ್ರಶ್ನೆಗಳಿಂದ. ‘ಧರ್ಮಸಭೆಯಿಂದ ಏನನ್ನು ಬೇಡುತ್ತೀರಿ?’ ‘ವಿಶ್ವಾಸವನ್ನು.’ ‘ವಿಶ್ವಾಸದಿಂದ ನಿಮಗೆ ದೊರೆಯುವುದೇನು?’ ‘ನಿತ್ಯಜೀವ.’ ಆಮೇಲೆ ತಿಂಗಳುಗಟ್ಟಲೆ ಧರ್ಮೋಪದೇಶ, ಎಷ್ಟೋ ಕಡೆ ಒಂದು ವರ್ಷಕ್ಕೂ ಮಿಕ್ಕಿ. ಈಸ್ಟರ್‌ಗೆ ಮುಂಚಿನ ತಪಸ್ಸು ಕಾಲದ ಮೊದಲ ಭಾನುವಾರ ಧರ್ಮಾಧ್ಯಕ್ಷರ (ಬಿಷಪ್) ಮುಂದೆ ಹೆಸರು ಬರೆಸುತ್ತಾರೆ. ಮೂರು, ನಾಲ್ಕು, ಐದನೇ ಭಾನುವಾರಗಳಲ್ಲಿ ಯೊವಾನ್ನನ ಶುಭಸಂದೇಶದಿಂದ ಸಮಾರಿಯದ ಸ್ತ್ರೀ, ಹುಟ್ಟು ಕುರುಡ, ಲಾಸರ ಈ ಮೂವರ ಕಥೆ ಓದಿ, ಅಭ್ಯರ್ಥಿಗಳಿಗಾಗಿ ವಿಶೇಷ ಪ್ರಾರ್ಥನೆ ಮಾಡುತ್ತಾರೆ. ಬಾಯಾರಿದವಳು, ಕಾಣದವನು, ಸತ್ತವನು: ರಕ್ಷಣೆ ಎಂದರೇನು ಎಂದು ಬೇರೆ ಪಾಠ ಮಾಡುವ ಅಗತ್ಯವೇ ಇಲ್ಲ ಅನ್ನಿಸುತ್ತದೆ.

ಈ ಅವಧಿಯಲ್ಲಿ ಉದ್ದೇಶವನ್ನೂ ಪರೀಕ್ಷಿಸಬೇಕು. ಯಾರನ್ನೂ ಬಲವಂತದಿಂದಾಗಲಿ ಆಮಿಷದಿಂದಾಗಲಿ ವಿಶ್ವಾಸಕ್ಕೆ ತರಬಾರದೆಂದು ಕಥೋಲಿಕ ಧರ್ಮಾಧ್ಯಕ್ಷರೆಲ್ಲ ಸೇರಿದ್ದ 2ನೇ ವ್ಯಾಟಿಕನ್ ಮಹಾಸಭೆ ಕಟ್ಟುನಿಟ್ಟಾಗಿ ಹೇಳಿದೆ. ಮದುವೆ ನಿಶ್ಚಯವಾಗಿದೆ, ಅದಕ್ಕೇ ಜ್ಞಾನಸ್ನಾನ ಬೇಗ ಕೊಡಿ ಎಂದು ಬರುವವರಿಗೆ ಕಾಯಿರಿ ಎನ್ನುವುದೇ ಸರಿ. ವಿಶೇಷ ಅನುಮತಿಯಿದ್ದರೆ ಜ್ಞಾನಸ್ನಾನವಿಲ್ಲದೆಯೂ ಚರ್ಚಿನಲ್ಲಿ ಮದುವೆ ಆಗುತ್ತದೆ. ಇನ್ನೊಂದು ಮಾತನ್ನು ಕೊನೆಯವರೆಗೆ ಮುಚ್ಚಿಡಬಾರದು. 1950ರ ಪರಿಶಿಷ್ಟ ಜಾತಿಗಳ ಆದೇಶದ ಪ್ರಕಾರ ಹಿಂದೂ, ಸಿಖ್, ಬೌದ್ಧ ಧರ್ಮಗಳ ಆಚೆಗಿನ ಧರ್ಮ ಅನುಸರಿಸುವವರನ್ನು ಪರಿಶಿಷ್ಟ ಜಾತಿಯವರೆಂದು ಪರಿಗಣಿಸುವುದಿಲ್ಲ. ಓದುವ ಮಕ್ಕಳಿರುವ ಮನೆಯವರಿಗೆ ಇದು ಮೊದಲ ವಾರವೇ ಗೊತ್ತಾಗಬೇಕು.

ಅಭ್ಯರ್ಥಿ ಈಗಾಗಲೇ ಸಿ.ಎಸ್.ಐ. (ಪ್ರೊಟೆಸ್ಟೆಂಟರ ಚರ್ಚ್ ಆಫ್ ಸೌತ್ ಇಂಡಿಯಾ) ಸಭೆಯಲ್ಲಿ ದೀಕ್ಷಾಸ್ನಾನ, ಅಂದರೆ ಇದೇ ಜ್ಞಾನಸ್ನಾನ, ಪಡೆದಿದ್ದರೆ ಮತ್ತೆ ನೀರು ಹಾಕುವಂತಿಲ್ಲ. ಪ್ರಮಾಣಪತ್ರ ತರಿಸಿ ನೋಡಿ, ವಿಶ್ವಾಸ ಪ್ರಕಟಣೆಯೊಂದಿಗೆ ಸೇರಿಸಿಕೊಳ್ಳುತ್ತಾರೆ. ಅಂಥವರು ಮೊದಲು ಗುರುಗಳ ಮುಂದೆ ಪಾಪನಿವೇದನೆ ಮಾಡಬೇಕು. ಹೊಸದಾಗಿ ಜ್ಞಾನಸ್ನಾನ ಪಡೆಯುವವರು ಮಾಡುವಂತಿಲ್ಲ, ಏಕೆಂದರೆ ಆ ನೀರೇ ಅವರ ಹಿಂದಿನ ಎಲ್ಲ ಪಾಪಗಳ ಕ್ಷಮೆ. ಭಕ್ತಿ ಹೆಚ್ಚಾಗಿ ಇಬ್ಬರನ್ನೂ ಒಂದೇ ಸಾಲಿನಲ್ಲಿ ನಿಲ್ಲಿಸುವವರಿದ್ದಾರೆ.

ಆ ರಾತ್ರಿಯ ಈಸ್ಟರ್ ಜಾಗರಣೆ ಕತ್ತಲಾದ ಮೇಲೆಯೇ ಶುರುವಾಗಬೇಕು, ಬೆಳಕು ಹರಿಯುವ ಮೊದಲು ಮುಗಿಯಬೇಕು. ಹೊರಗೆ ಬೆಂಕಿ ಹಚ್ಚಿ, ಪಾಸ್ಕ (ಈಸ್ಟರ್) ಮೇಣದ ಬತ್ತಿಯ ಮೇಲೆ ಶಿಲುಬೆ, ಗ್ರೀಕಿನ ಮೊದಲ, ಕೊನೆಯ ಅಕ್ಷರಗಳಾದ ಆಲ್ಫಾ, ಒಮೆಗಾ, ಆ ವರ್ಷದ ನಾಲ್ಕು ಅಂಕಿಗಳನ್ನು ಗೀರಿ, ಐದು ಧೂಪದ ಕಾಳುಗಳನ್ನು ಚುಚ್ಚುತ್ತಾರೆ. ಬತ್ತಿ ನಿಜವಾದ ಮೇಣದ್ದಾಗಿರಬೇಕು, ಪ್ರತಿವರ್ಷ ಹೊಸದಾಗಿರಬೇಕು. ಒಳಗೆ ಬರುವ ಮೊದಲು ಫ್ಯಾನುಗಳನ್ನೆಲ್ಲ ಆರಿಸಲು ಯಾರಿಗಾದರೂ ಹೇಳಿಟ್ಟಿರಬೇಕು. ಬೇಸಿಗೆಯ ಸೆಕೆಗೆ ಒಬ್ಬರು ಗುಟ್ಟಾಗಿ ಒಂದು ಫ್ಯಾನ್ ಹಾಕಿದರೆ ಸಾಕು, ಆ ಸಾಲಿನ ಮೇಣದ ಬತ್ತಿಗಳೆಲ್ಲ ನಂದುತ್ತವೆ. ಕೈಬತ್ತಿಗಳಿಗೆ ಕಾಗದದ ಲೋಟ ಸಿಕ್ಕಿಸಿ ಕೊಡುವುದು ಒಳ್ಳೆಯದು, ಬಿಳಿ ಬಟ್ಟೆಯ ಮೇಲೆ ಬಿದ್ದ ಮೇಣ ಸುಲಭಕ್ಕೆ ಹೋಗುವುದಿಲ್ಲ.

ಹಳೆಯ ಒಡಂಬಡಿಕೆಯ ವಾಚನಗಳು ಏಳು. ಸಮಯ ಸಾಲದಿದ್ದರೆ ಮೂರಕ್ಕೆ ಇಳಿಸಬಹುದು, ಕೆಂಪು ಸಮುದ್ರ ದಾಟಿದ ವಿಮೋಚನಾಕಾಂಡದ 14ನೇ ಅಧ್ಯಾಯವನ್ನು ಮಾತ್ರ ಬಿಡುವಂತಿಲ್ಲ. ಅಂದು ಇಸ್ರಯೇಲರು ನೀರಿನ ನಡುವೆ ನಡೆದು ಬಿಡುಗಡೆ ಹೊಂದಿದರು. ಕ್ರಿಸ್ತನೊಡನೆ ಸತ್ತು ಹೂಳಲ್ಪಟ್ಟು ಏಳುವುದೇ ಜ್ಞಾನಸ್ನಾನ ಎಂದು ಪೌಲ ರೋಮನರಿಗೆ ಬರೆದ ಪತ್ರದ 6ನೇ ಅಧ್ಯಾಯ ಹೇಳುತ್ತದೆ. ಎರಡನ್ನೂ ಅದೇ ರಾತ್ರಿ ಕೇಳಿಸಿಕೊಂಡವರಿಗೆ ಮುಂದಿನ ಪ್ರಶ್ನೆಗಳು ಒಗಟಾಗುವುದಿಲ್ಲ.

ಪ್ರಬೋಧನೆ, ಸಂತರ ಪ್ರಾರ್ಥನೆ, ನೀರಿನ ಆಶೀರ್ವಾದ ಮುಗಿದ ಮೇಲೆ ಆ ಪ್ರಶ್ನೆಗಳು ಬರುತ್ತವೆ. ಮೊದಲು ತ್ಯಾಗ: ಸೈತಾನನನ್ನು, ಅವನ ಕಾರ್ಯಗಳನ್ನು, ಅವನ ಆಡಂಬರಗಳನ್ನು ತ್ಯಜಿಸುತ್ತೀರಾ? ಮೊದಲ ಶತಮಾನಗಳಲ್ಲಿ ಜೆರುಸಲೇಮಿನಲ್ಲಿ ಪಶ್ಚಿಮಕ್ಕೆ ಮುಖ ಮಾಡಿ ಇದಕ್ಕೆ ಉತ್ತರಿಸಿ, ನಂತರ ಪೂರ್ವಕ್ಕೆ ತಿರುಗಿ ವಿಶ್ವಾಸ ಹೇಳುತ್ತಿದ್ದರು. ಈಗ ದಿಕ್ಕು ಬದಲಿಸುವುದಿಲ್ಲ, ಪ್ರಶ್ನೆಯ ಹುರುಳು ಅದೇ. ತಂದೆಯಲ್ಲಿ, ಮಗನಲ್ಲಿ, ಪವಿತ್ರಾತ್ಮರಲ್ಲಿ ವಿಶ್ವಾಸಿಸುತ್ತೀರಾ ಎಂಬ ಮೂರಕ್ಕೆ ‘ವಿಶ್ವಾಸಿಸುತ್ತೇನೆ’ ಎಂದು ಏಕವಚನದಲ್ಲೇ ಉತ್ತರ. ಎಲ್ಲರನ್ನೂ ಒಟ್ಟಿಗೆ ಕೇಳುವ ಅವಕಾಶವಿದೆ, ಹೊತ್ತೂ ಉಳಿಯುತ್ತದೆ. ಆದರೂ ಒಬ್ಬೊಬ್ಬರನ್ನೇ ಹೆಸರು ಹಿಡಿದು ಕೇಳಬೇಕು. ಒಟ್ಟಿಗೆ ಕೇಳಿದರೆ ಸಂಕೋಚದವರು ಪಕ್ಕದವರ ದನಿಯ ಹಿಂದೆ ಅಡಗುತ್ತಾರೆ, ಅಭ್ಯರ್ಥಿಯ ಜೊತೆ ನಿಲ್ಲುವ ಜ್ಞಾನತಂದೆ ಜ್ಞಾನತಾಯಿಯರು (ಗಾಡ್‌ಪೇರೆಂಟ್ಸ್) ಶಿಶುವಿನ ಜ್ಞಾನಸ್ನಾನದ ಅಭ್ಯಾಸದಿಂದ ತಾವೇ ಉತ್ತರಿಸಿಬಿಡುತ್ತಾರೆ. ವಿಶ್ವಾಸ ದೇವರ ವರವೆಂದು ಧರ್ಮಸಭೆ ಕಲಿಸುತ್ತದೆ, ವರವನ್ನು ಸ್ವೀಕರಿಸುವ ಬಾಯಿ ಮಾತ್ರ ಆ ವ್ಯಕ್ತಿಯದೇ. ಆ ಕ್ಷಣದಲ್ಲೂ ಬೇಡ ಎನ್ನಬಹುದೆಂದು ತಾಲೀಮಿನಲ್ಲೇ ತಿಳಿಸಿಡಬೇಕು.

ನೀರನ್ನು ಮೂರು ಸಲ ಸುರಿಯಬೇಕು, ಅದು ಚರ್ಮದ ಮೇಲೆ ಹರಿಯಬೇಕು. ದಟ್ಟ ಕೂದಲು, ಎಣ್ಣೆ, ಮಲ್ಲಿಗೆ ದಂಡೆ ಇದ್ದರೆ ನೀರು ಜಾರಿಹೋಗುತ್ತದೆ. ಹೂ ತೆಗೆಸಿ ಹಣೆಯ ಮೇಲೆ ಬೀಳುವಂತೆ ಸುರಿಯುವುದು ವಾಸಿ. ‘ನಾನು ನಿನಗೆ ಜ್ಞಾನಸ್ನಾನ ನೀಡುತ್ತೇನೆ’ ಎಂಬ ಮಾತು ಸುರಿಯುವಾಗಲೇ ಬರಬೇಕು. ಸಮುದಾಯದ ಹೆಸರಲ್ಲಿ ‘ನಾವು’ ಎಂದರೆ ಅದು ಸಿಂಧುವಲ್ಲ ಎಂದು 2020ರಲ್ಲಿ ವ್ಯಾಟಿಕನ್ ಸ್ಪಷ್ಟಪಡಿಸಿತು. ಆಮೇಲೆ ಬಿಳಿ ಶಾಲು, ಪಾಸ್ಕ ಬತ್ತಿಯಿಂದ ಹೊತ್ತಿಸಿದ ದೀಪ. ಜ್ಞಾನಸ್ನಾನ ಕೊಟ್ಟ ಗುರುಗಳೇ ಕ್ರಿಸ್ಮ ಎಂಬ ಪವಿತ್ರ ತೈಲ ಹಚ್ಚಿ ದೃಢೀಕರಣ ಎಂಬ ಮುಂದಿನ ಸಂಸ್ಕಾರವನ್ನೂ ನೀಡುತ್ತಾರೆ. ಆದ್ದರಿಂದ ನೆತ್ತಿಗೆ ಬೇರೆಯಾಗಿ ಕ್ರಿಸ್ಮ ಹಚ್ಚುವ ವಿಧಿ ಅಂದು ಇಲ್ಲ. ಅದೇ ಪೂಜೆಯಲ್ಲಿ ಮೊದಲ ಪರಮಪ್ರಸಾದ.

ರಿಜಿಸ್ಟರನ್ನು ಮರುದಿನಕ್ಕೆ ಬಿಡದೆ ಬರೆಯಬೇಕು. ಹೆಸರು ಆಧಾರ್‌ನಲ್ಲಿರುವಂತೆಯೇ ಇದೆಯೇ ಎಂದು ನೋಡಿಕೊಳ್ಳಬೇಕು, ಮುಂದೆ ಮದುವೆಯ ವಿವರವೂ ಅದೇ ಪುಟದಲ್ಲಿ ಸೇರುತ್ತದೆ. ನಂತರದ 50 ದಿನ, ಪೆಂತೆಕೋಸ್ತ ಹಬ್ಬದವರೆಗೆ, ಹೊಸಬರಿಗೆ ಸಂಸ್ಕಾರಗಳ ಅರ್ಥ ಬಿಡಿಸಿ ಹೇಳುವ ಕಾಲ. ಅನೇಕ ಕಡೆ ಇದು ನಡೆಯುವುದೇ ಇಲ್ಲ, ಎಲ್ಲರೂ ದಣಿದಿರುತ್ತಾರೆ. ಭಾನುವಾರದ ಪೂಜೆಗೆ ಯಾರ ಪಕ್ಕ ಕೂರುವುದೆಂದು ತಿಳಿಯದೆ ಹೊಸಬರು ಹಿಂದಿನ ಬೆಂಚಿಗೆ ಸರಿಯುತ್ತಾರೆ. ಜ್ಞಾನತಾಯಿ ಫೋನ್ ಮಾಡಿ ‘ಬಾ, ಜೊತೆಗೆ ಹೋಗೋಣ’ ಎನ್ನಬೇಕಾದ್ದು ಆ ವಾರಗಳಲ್ಲಿ.