ಶಿಕಾಗೋದಿಂದ ಬರುತ್ತಿದ್ದ ಪಾರ್ಸೆಲ್

ಲಾಸ್ ಏಂಜಲೀಸ್ ಹತ್ತಿರದ ವಿಟಿಯರ್‌ನಲ್ಲಿ ನಮ್ಮ ಮನೆ. ಪಕ್ಕದ ಮನೆಯಲ್ಲಿ ಒಬ್ಬರು ಅಜ್ಜ ಇದ್ದಾರೆ, 85 ದಾಟಿದೆ. ಅವರ ಗ್ಯಾರೇಜಿನಲ್ಲಿ 1940ರ ಫೋರ್ಡ್ ಕೂಪೆ ನಿಂತಿದೆ. ಕಪ್ಪು ಬಣ್ಣ, ಎರಡು ಬಾಗಿಲು, ಬಾನೆಟ್ಟಿನೊಳಗೆ 1948ರ ವಿ8, ಅಂದರೆ ಎಂಟು ಸಿಲಿಂಡರಿನ ಎಂಜಿನ್. ಹೋದ ಶನಿವಾರ ಬೆಳಿಗ್ಗೆ ಬೇಲಿಯ ಆ ಕಡೆಯಿಂದಲೇ ಕರೆದರು. "ಸ್ವಲ್ಪ ಬಾ, ನಿನ್ನ ಕಿವಿ ಬೇಕು. ನನ್ನದು ಮೊದಲಿನಷ್ಟು ಚುರುಕಿಲ್ಲ."

ಕಿವಿ ಬೇಕಾಗಿದ್ದು ಕಾರ್ಬುರೇಟರ್ ಹೊಂದಿಸುವುದಕ್ಕೆ, ಗಾಳಿಗೆ ಪೆಟ್ರೋಲ್ ಬೆರೆಸಿ ಎಂಜಿನ್ನಿಗೆ ಕೊಡುವ ಭಾಗ ಅದು. ಆ ಎಂಜಿನ್ ಮೇಲೆ ಸ್ಟ್ರಾಂಬರ್ಗ್ 97 ಅನ್ನುವ ಎರಡು ಕಾರ್ಬುರೇಟರ್ ಕೂತಿವೆ. ಎರಡೂ ಒಂದೇ ಸಮ ಗಾಳಿ ಎಳೆಯಬೇಕು, ಇಲ್ಲದಿದ್ದರೆ ಐಡ್ಲಿಂಗ್‌ನಲ್ಲಿ ಎಂಜಿನ್ ತಡವರಿಸುತ್ತದೆ. ಮೊದಲು ಎರಡನ್ನೂ ಜೋಡಿಸುವ ಕಡ್ಡಿ ಬಿಚ್ಚಿದೆವು. ಅಜ್ಜ ಸೆಲ್ಫ್ ಹೊಡೆದರು. 6 ವೋಲ್ಟ್ ಬ್ಯಾಟರಿ, ಅವಸರವೇ ಇಲ್ಲ. ಗೊರ ಗೊರ ಅಂತ ತಿರುಗಿ ತಿರುಗಿ ಆಮೇಲೆ ಹತ್ತಿಕೊಂಡಿತು. ನನ್ನ ಕೈಗೆ ಒಂದು ಮೊಳ ರಬ್ಬರ್ ಪೈಪ್ ಕೊಟ್ಟರು. ಒಂದು ತುದಿ ಕಿವಿಗೆ, ಇನ್ನೊಂದು ಕಾರ್ಬುರೇಟರ್ ಬಾಯಿಗೆ. ಒಳಗಿಂದ ಬುಸ್ ಅನ್ನುವ ಸದ್ದು ಕೇಳುತ್ತದೆ. ಮುಂದಿನದರಲ್ಲಿ ಜೋರು, ಹಿಂದಿನದರಲ್ಲಿ ಸಣ್ಣ. ನಾನು "ಇನ್ನೂ ಸ್ವಲ್ಪ" ಅಂದಂತೆಲ್ಲ ಅಜ್ಜ ಸ್ಕ್ರೂ ಕೊಂಚ ಕೊಂಚವೇ ತಿರುಗಿಸಿದರು. ಎರಡೂ ಒಂದೇ ಶ್ರುತಿಗೆ ಬಂದದ್ದು ಯಾರೂ ಹೇಳದೆಯೇ ಗೊತ್ತಾಯಿತು. ಆಮೇಲೆ ಗಾಳಿ-ಪೆಟ್ರೋಲ್ ಹದ ಮಾಡುವ ಮಿಕ್ಸ್ಚರ್ ಸ್ಕ್ರೂಗಳು, ಒಂದೊಂದಕ್ಕೆ ಎರಡೆರಡು. ಎಂಜಿನ್ ಕೆಮ್ಮುವವರೆಗೆ ಒಳಗೆ, ಹದಕ್ಕೆ ಬರುವವರೆಗೆ ಹೊರಗೆ. ಸ್ಕ್ರೀನ್ ಇಲ್ಲ, ಕಂಪ್ಯೂಟರ್ ಇಲ್ಲ. ನನಗೆ ಅಷ್ಟು ಖುಷಿಯಾದದ್ದು ತುಂಬಾ ದಿನಗಳ ಮೇಲೆ.

"ಇದನ್ನೆಲ್ಲ ಯಾರು ಹೇಳಿಕೊಟ್ಟರು ನಿಮಗೆ?" ಅಂತ ಕೇಳಿದೆ. ಅಜ್ಜ ಕೈ ಒರೆಸಿಕೊಂಡು ಕಪಾಟಿನ ಮೇಲಿಂದ ಒಂದು ರಟ್ಟಿನ ಪೆಟ್ಟಿಗೆ ಇಳಿಸಿದರು. ತುಂಬಾ ಹಳೇ ಮ್ಯಾಗಜೀನ್‌ಗಳು, ಬಿಡಿಭಾಗದ ಕ್ಯಾಟಲಾಗ್‌ಗಳು.

ಅಜ್ಜನ ಕಾರಿನ ಹಾಗೆ ಹಳೇ ಕಾರನ್ನು ವೇಗಕ್ಕೆಂದು ಮಾರ್ಪಡಿಸಿದರೆ ಅದಕ್ಕೆ ಹಾಟ್ ರಾಡ್ ಅನ್ನುತ್ತಾರೆ. ಅದು ಹುಟ್ಟಿದ್ದು ದುಡ್ಡಿಲ್ಲದ ಹುಡುಗರ ಕೈಯಲ್ಲಿ. 1932ರಲ್ಲಿ ಫೋರ್ಡ್ ಕಂಪನಿ ಜನಸಾಮಾನ್ಯರ ಕಾರಿಗೂ ವಿ8 ಎಂಜಿನ್ ಹಾಕಿತು. 221 ಘನ ಇಂಚು, 65 ಕುದುರೆ ಶಕ್ತಿ. ಆ ಕಾರುಗಳು ಹಳೆಯದಾಗಿ ಗುಜರಿ ಬೆಲೆಗೆ ಸಿಗತೊಡಗಿದಾಗ ಹುಡುಗರು ಹಿಡಿದುಕೊಂಡರು. ಮಡ್‌ಗಾರ್ಡ್ ಕಿತ್ತರು, ಭಾರ ಇಳಿಸಿದರು, ಕಾರ್ಬುರೇಟರ್ ಒಂದಿದ್ದಲ್ಲಿ ಎರಡು ಕೂರಿಸಿದರು. ಲಾಸ್ ಏಂಜಲೀಸ್‌ನಿಂದ ಉತ್ತರಕ್ಕೆ ಮರುಭೂಮಿಯಲ್ಲಿ ಮ್ಯುರಾಕ್, ಎಲ್ ಮಿರಾಜ್ ಅನ್ನುವ ಒಣಗಿದ ಕೆರೆಗಳಿವೆ, ನೆಲ ಚಪ್ಪಟೆ. ಅಲ್ಲಿ ಓಡಿಸಿ ವೇಗ ಅಳೆದರು. ವಿಕ್ ಎಡೆಲ್‌ಬ್ರಾಕ್ ಅನ್ನುವ ಗ್ಯಾರೇಜ್ ಮಾಲೀಕ ತನ್ನ ಕಾರಿಗೆಂದು ಎರಡು ಕಾರ್ಬುರೇಟರ್ ಕೂರುವ ಮ್ಯಾನಿಫೋಲ್ಡ್, ಅಂದರೆ ಅವುಗಳಿಂದ ಎಂಜಿನ್ನಿಗೆ ಹೋಗುವ ಕೊಳವೆಗಳ ಜೋಡಣೆ, ಮಾಡಿಕೊಂಡ. ನೋಡಿದವರೆಲ್ಲ ನಮಗೂ ಬೇಕು ಅಂದರು. 1946ರಲ್ಲಿ ಆತ ತನ್ನ ಮೊದಲ ಕ್ಯಾಟಲಾಗ್ ಅಚ್ಚು ಹಾಕಿಸಿದ. 1948ರ ಜನವರಿಯಲ್ಲಿ 'ಹಾಟ್ ರಾಡ್' ಮ್ಯಾಗಜೀನ್ ಶುರುವಾಯಿತು.

ಇದೆಲ್ಲ ಕ್ಯಾಲಿಫೋರ್ನಿಯಾದ ಮಾತು. ನಮ್ಮ ಅಜ್ಜ ಬೆಳೆದದ್ದು ನೆಬ್ರಾಸ್ಕದ ಪಶ್ಚಿಮದ ತುದಿಯಲ್ಲಿ, ದನ ಸಾಕುವ ಸೀಮೆಯಲ್ಲಿ. ಸುತ್ತಮುತ್ತ ಒಂದು ಒಳ್ಳೆಯ ಸ್ಪೇರ್ ಪಾರ್ಟ್ಸ್ ಅಂಗಡಿ ಇಲ್ಲ. ಆ ಹುಡುಗನಿಗೂ ಹಾಟ್ ರಾಡ್‌ಗೂ ನಡುವೆ ಇದ್ದದ್ದು ಅಂಚೆ ಇಲಾಖೆ ಒಂದೇ.

ಪೆಟ್ಟಿಗೆಯಲ್ಲಿ ಜಾಸ್ತಿ ಇದ್ದದ್ದು ಜೆ.ಸಿ. ವಿಟ್ನಿ ಕಂಪನಿಯ ಕ್ಯಾಟಲಾಗ್. ಅದರ ಮೂಲ ಒಂದು ಗುಜರಿ ಅಂಗಡಿ. ಲಿಥುವೇನಿಯಾದಿಂದ ಬಂದ ಇಸ್ರೇಲ್ ವಾರ್ಷಾವ್‌ಸ್ಕಿ 1915ರಲ್ಲಿ ಶಿಕಾಗೋದಲ್ಲಿ ಅದನ್ನು ತೆರೆದಿದ್ದರು. ಮಗ ರಾಯ್ 1934ರಲ್ಲಿ 'ಪಾಪ್ಯುಲರ್ ಮೆಕ್ಯಾನಿಕ್ಸ್' ಪತ್ರಿಕೆಗೆ ಒಂದು ಪುಟ್ಟ ಜಾಹೀರಾತು ಕೊಟ್ಟರು, 25 ಸೆಂಟ್ ಕಳಿಸಿದರೆ ದೊಡ್ಡ ಬಿಡಿಭಾಗದ ಕ್ಯಾಟಲಾಗ್ ಅಂತ. ಅಲ್ಲಿಂದ ವ್ಯಾಪಾರ ಹಿಡಿದದ್ದು ದೇಶದ ಮೂಲೆ ಮೂಲೆಗೂ ಹೋಯಿತು. ತೆಳು ನ್ಯೂಸ್‌ಪ್ರಿಂಟ್ ಕಾಗದ, ಪಂಚಾಂಗದ ಹಾಗೆ ಒತ್ತೊತ್ತಾದ ಸಣ್ಣ ಅಕ್ಷರ, ನಡುನಡುವೆ ಗೆರೆಯ ಚಿತ್ರ. ಪಿಸ್ಟನ್ ರಿಂಗ್ ಪಕ್ಕದಲ್ಲಿ ಸೀಟ್ ಕವರ್, ಅದರ ಪಕ್ಕ ಹಾರ್ನ್. ಮಾಡೆಲ್ ಟಿ ಕಾರಿನಿಂದ ಆ ವರ್ಷದ ಹೊಸ ಕಾರಿನವರೆಗೆ ಎಲ್ಲದಕ್ಕೂ ಏನಾದರೂ ಇದೆ.

ಒಂದು ಪುಟದ ಅಂಚಿನಲ್ಲಿ ಪೆನ್ಸಿಲ್ ಲೆಕ್ಕ ಕಂಡಿತು. ನಾನು ಬೆಲೆ ಕೂಡಿದ್ದಾರೆ ಅಂದುಕೊಂಡೆ. ಅಜ್ಜ ಬೆರಳಿಟ್ಟು ತೋರಿಸಿದರು, ಅದು ತೂಕ. ಪ್ರತಿ ಸಾಮಾನಿನ ಕೆಳಗೂ ಎಷ್ಟು ಪೌಂಡ್ ಅಂತ ಅಚ್ಚಾಗಿರುತ್ತಿತ್ತು. ಶಿಕಾಗೋದಿಂದ ನಿಮ್ಮ ಊರು ಅಂಚೆಯ ಯಾವ ವಲಯಕ್ಕೆ ಬರುತ್ತದೆ ಅಂತ ನೋಡಿಕೊಂಡು, ತೂಕ ಕೂಡಿ, ಸಾಗಣೆ ಖರ್ಚು ನೀವೇ ಹಾಕಬೇಕು. ಆಮೇಲೆ ಪೋಸ್ಟಾಫೀಸಿಗೆ ಹೋಗಿ ಮನಿಯಾರ್ಡರ್. "ಎಂಜಿನ್ ಸಿಲಿಂಡರಿನ ಮುಚ್ಚಳ ಇದೆಯಲ್ಲ, ಅಲ್ಯೂಮಿನಿಯಂ ಹೆಡ್, ಅದು ಯಾಕೆ ಇಷ್ಟ ಅಂದರೆ, ಅಂಚೆ ಖರ್ಚೂ ಕಡಿಮೆ!" ಅಂದರು. ಅವರಿಗೆ ಆ ಹುಡುಗನ ಲೆಕ್ಕದ ಮೇಲೆ ಇವತ್ತಿಗೂ ಹೆಮ್ಮೆ. ಇರಬೇಕಾದ್ದೇ.

ಸಿ.ಒ.ಡಿ. ಅಂತಲೂ ಇತ್ತಂತೆ, ಪಾರ್ಸೆಲ್ ಕೈಗೆ ಬಂದ ಮೇಲೆ ದುಡ್ಡು. ನನಗೆ ತಿಪಟೂರಿನ ನಮ್ಮ ಪೋಸ್ಟ್‌ಮ್ಯಾನ್ ನೆನಪಾದರು. "ವಿ.ಪಿ. ಬಂದಿದೆ ಅಮ್ಮಾ, ದುಡ್ಡು ತೆಗೆದಿಡಿ" ಅಂತ ಬಾಗಿಲಲ್ಲೇ ಕೂಗುತ್ತಿದ್ದರು. ಅಜ್ಜನಿಗೆ ಹೇಳಿದೆ. ಅವರಿಗೆ ವಿಪರೀತ ಖುಷಿಯಾಯಿತು, ಭಾರತದ ಅಂಚೆಯ ಬಗ್ಗೆ ಏನೇನೋ ಕೇಳಿದರು.

ಆರ್ಡರ್ ಕಳಿಸಿದ ಮೇಲೆ ವಾರಗಟ್ಟಲೆ ಕಾಯಬೇಕು. ನನ್ನ ಪ್ರಕಾರ ಆ ಹುಡುಗರು ಮೆಕ್ಯಾನಿಕ್‌ಗಳಾದದ್ದು ಆ ವಾರಗಳಲ್ಲಿ. ಒಂದು ಸಲಕ್ಕೆ ಒಂದೇ ಭಾಗಕ್ಕೆ ದುಡ್ಡಿದ್ದಾಗ ಯಾವುದು ಮೊದಲು ಅಂತ ಯೋಚಿಸಲೇಬೇಕು. ಎಂಜಿನ್ ಬಿಚ್ಚಿ ಅಳತೆ ತೆಗೆಯಬೇಕು, ಬರುವ ಭಾಗ ಎಲ್ಲಿ ಕೂರುತ್ತದೆ ಅಂತ ಮನಸ್ಸಿನಲ್ಲೇ ಜೋಡಿಸಿ ನೋಡಬೇಕು, ಕೊಳ್ಳಲಾಗದ್ದನ್ನು ಕೈಯಲ್ಲೇ ಮಾಡಬೇಕು. ಇವತ್ತು ಸಾಮಾನಿಗೇನೂ ಬರವಿಲ್ಲ. 97 ಕಾರ್ಬುರೇಟರನ್ನು ಮತ್ತೆ ಹೊಸದಾಗಿ ತಯಾರಿಸುತ್ತಿದ್ದಾರೆ, 1932ರ ಫೋರ್ಡ್ ಬಾಡಿಯೂ ಹೊಸದೇ ಸಿಗುತ್ತದೆ. ನನಗೆ ಬೇಸರವಾಗುವುದು ಬೇರೆ ವಿಷಯಕ್ಕೆ. ಫೋನಿನಲ್ಲಿ ಒತ್ತಿದ್ದು ನಾಳೆಯೇ ಬಂದುಬಿಟ್ಟರೆ ಆ ಪೆನ್ಸಿಲ್ ಲೆಕ್ಕಕ್ಕೆ ಜಾಗವೇ ಇಲ್ಲ, ಅಲ್ವಾ?

ಅಜ್ಜ ಆ ಕಾಲವನ್ನು ಸುಮ್ನೆ ಹೊಗಳುವವರಲ್ಲ. ಫೋರ್ಡ್ ಕಾರಿಗೆ ಹೈಡ್ರಾಲಿಕ್ ಬ್ರೇಕ್ ಬಂದದ್ದು 1939ರಲ್ಲಿ. ಅದಕ್ಕೂ ಹಳೆಯ ಕಾರಿನ ಎಂಜಿನ್ ಜೋರು ಮಾಡಿ, ಬ್ರೇಕ್ ಹಾಗೇ ಬಿಟ್ಟು ರಸ್ತೆಗಿಳಿದ ಗೆಳೆಯನೊಬ್ಬನನ್ನು ಅವರು ಕಳೆದುಕೊಂಡರು. ಅದರ ಬಗ್ಗೆ ಹೆಚ್ಚು ಮಾತಾಡಲಿಲ್ಲ. ಬೀದಿಯ ರೇಸನ್ನು ನಿಯಮವಿರುವ ಟ್ರ್ಯಾಕಿಗೆ ತರಬೇಕು ಅಂತ 'ಹಾಟ್ ರಾಡ್' ಮ್ಯಾಗಜೀನಿನ ಸಂಪಾದಕ ವಾಲಿ ಪಾರ್ಕ್ಸ್ 1951ರಲ್ಲಿ ಎನ್‌ಎಚ್‌ಆರ್‌ಎ (ನ್ಯಾಷನಲ್ ಹಾಟ್ ರಾಡ್ ಅಸೋಸಿಯೇಷನ್) ಕಟ್ಟಿದ್ದು ಎಷ್ಟೋ ಹುಡುಗರ ಜೀವ ಉಳಿಸಿತು ಅಂದರು ಅಷ್ಟೆ.

ಎಂಜಿನ್ ಬಿಸಿಯಾಗುವ ಹೊತ್ತಿಗೆ ಬಲಗಡೆ ನೆಲದ ಮೇಲೆ ನೀರು ಬಿದ್ದದ್ದು ಕಂಡಿತು. ಈ ವಿ8ಗೆ ಎರಡು ವಾಟರ್ ಪಂಪ್. ಎಂಜಿನ್ನಿನ ಮುಂಭಾಗ ಷಾಸಿ ಮೇಲೆ ಕೂರುವುದೂ ಅವುಗಳ ಮೇಲೆಯೇ, ಹಾಗಾಗಿ ಪಂಪ್ ಬಿಚ್ಚಬೇಕಾದರೆ ಎಂಜಿನ್ನಿಗೆ ಜಾಕ್ ಕೊಡಲೇಬೇಕು. ನಾನು ಫೋನ್ ತೆಗೆದು ಹುಡುಕತೊಡಗಿದೆ. ಅಜ್ಜ ಬೇಡ ಅಂದರು. ನೆಬ್ರಾಸ್ಕದ ಲಿಂಕನ್‌ನಲ್ಲಿರುವ ಸ್ಪೀಡ್‌ವೇ ಮೋಟರ್ಸ್‌ಗೆ ಅವರೇ ಫೋನ್ ಹಚ್ಚಿದರು. 1952ರಲ್ಲಿ ಬಿಲ್ ಸ್ಮಿತ್ 300 ಡಾಲರ್ ಸಾಲ ತೆಗೆದುಕೊಂಡು ಶುರು ಮಾಡಿದ ಅಂಗಡಿ ಅದು. ಅಜ್ಜ ಹುಡುಗನಾಗಿದ್ದಾಗಿನಿಂದ ಅಲ್ಲಿಯ ಗಿರಾಕಿ. ಆ ಕಡೆಯ ಹುಡುಗಿಯ ಹತ್ತಿರ ಸ್ಟಡ್ ಎಷ್ಟು, ಪುಲ್ಲಿ ಅಗಲ ಎಷ್ಟು ಅಂತ ಬಾಯಿಪಾಠ ಹೇಳಿ, ಮಧ್ಯೆ ನೆಬ್ರಾಸ್ಕದ ಮಳೆ ವಿಚಾರಿಸಿ, ಪಂಪ್ ಜೊತೆ ಗ್ಯಾಸ್ಕೆಟ್ಟೂ ಸೇರಿಸಿ ಆರ್ಡರ್ ಕೊಟ್ಟರು. ಗುರುವಾರ ಬರುತ್ತದಂತೆ. ಶನಿವಾರ ಜಾಕ್ ಹಿಡಿಯುವುದಕ್ಕೆ ನಾನು ಹೋಗಬೇಕು.