ಕಳ್ಳನ ಸೀನು ರೆಕಾರ್ಡ್ ಮಾಡಿದ ದಿನ

ಸದಾರಮೆ ನಾಟಕ ನೋಡಿರೋರಿಗೆ ಕಳ್ಳನ ಸೀನು ಅಂದ್ರೆ ಏನು ಅಂತ ಬಿಡಿಸಿ ಹೇಳ್ಬೇಕಾಗಿಲ್ಲ. ನೋಡದೇ ಇರೋರಿಗೆ ಇಷ್ಟು ಹೇಳ್ತೀನಿ: ರಾಜಕುಮಾರ ಒಬ್ಬ ವರ್ತಕರ ಮನೆ ಹುಡುಗಿಗೋಸ್ಕರ ರಾಜ್ಯಾನೇ ಬಿಟ್ಟುಕೊಟ್ಟು ಬೀದಿಗೆ ಬರ್ತಾನೆ, ಆಮೇಲೆ ಕಷ್ಟದ ಮೇಲೆ ಕಷ್ಟ, ಕೊನೆಗೆ ಕಳ್ಳನೊಬ್ಬ ಆ ಸದಾರಮೆನ ಹೊತ್ಕೊಂಡು ಹೋಗ್ತಾನೆ, ಅವಳು ಅಳ್ತಾ ಕೂರದೆ ಅವನಿಗೇ ಟೋಪಿ ಹಾಕಿ ತಪ್ಪಿಸ್ಕೊಳ್ತಾಳೆ. ಬೆಳ್ಳಾವೆ ನರಹರಿ ಶಾಸ್ತ್ರಿಗಳ ನಾಟಕ, ಗುಬ್ಬಿ ವೀರಣ್ಣನವರ ನಾಟಕ ಕಂಪನಿ ಆಡಿ ಆಡಿ ಊರೂರಿಗೆ ಮುಟ್ಟಿಸಿದ್ದು, 1935ರಲ್ಲೇ ಸಿನಿಮಾನೂ ಆಯ್ತು. ವೀರಣ್ಣನವರು ಈ ಕಳ್ಳನ ಪಾತ್ರಕ್ಕೇ ಹೆಸರುವಾಸಿ, ಎಷ್ಟೋ ಕಾಲದ ಮೇಲೆ ಅವರ ಮೊಮ್ಮಗಳು ಬಿ. ಜಯಶ್ರೀ ಅದೇ ಕಳ್ಳನ ಪಾರ್ಟು ಹಾಕಿ ನಾಟಕಕ್ಕೆ ಮತ್ತೆ ಜೀವ ತುಂಬಿದ್ರು. ನಮ್ಮದೂ ಒಂದು ಸಣ್ಣ ಹವ್ಯಾಸಿ ತಂಡ, ಸದಾರಮೆನ ಮತ್ತೆ ಕಟ್ಟಿ ಅಲ್ಲಲ್ಲಿ ಆಡ್ತಾ ಇದೀವಿ, ನಾನು ಪ್ರಾಂಪ್ಟರ್, ಮರೆಯಲ್ಲಿ ಕೂತು ನಟರಿಗೆ ಮಾತು ನೆನಪಿಸೋನು.

ಹಾಡುಗಳನ್ನ ರೆಕಾರ್ಡ್ ಮಾಡಿಡೋಣ ಅಂತ ಹಟ ಹಿಡಿದಿದ್ದು ನಮ್ಮ ಹಾರ್ಮೋನಿಯಂ ಮೇಷ್ಟ್ರು. ರಂಗನಿರ್ದೇಶಕ ಬಿ.ವಿ. ಕಾರಂತರ ರಂಗಗೀತೆಗಳು ಇವತ್ತು ಯಾರಿಗೆ ಗೊತ್ತಿಲ್ಲ ಹೇಳಿ, ಕ್ಯಾಸೆಟ್ ಬಂತು, ಸಿಡಿ ಬಂತು, ಕಾಲೇಜು ಹುಡುಗರೂ ಹಾಡ್ತಾರೆ. ಆದ್ರೆ ಕಾರಂತರೇ ಹುಡುಗರಾಗಿದ್ದಾಗ ಮನೆ ಬಿಟ್ಟು ಓಡಿಹೋಗಿ ಸೇರಿದ್ದ ಇದೇ ಗುಬ್ಬಿ ಕಂಪನಿ ಇದೆಯಲ್ಲ, ಅಲ್ಲಿನ ಮಟ್ಟುಗಳು ಗೊತ್ತಿರೋರು ಕಮ್ಮಿ ಆಗ್ತಾ ಇದಾರೆ. ಹಳೇ ಗ್ರಾಮಫೋನ್ ಪ್ಲೇಟುಗಳಲ್ಲಿ ಕಂಪನಿ ನಾಟಕದ ಹಾಡುಗಳು ಸಿಗ್ತವೆ, ನಿಜ. ಆದ್ರೆ 78 ಸ್ಪೀಡಿನ ಪ್ಲೇಟಲ್ಲಿ ಒಂದು ಕಡೆಗೆ ಹಿಡಿಯೋದೇ ಮೂರು, ಮೂರೂವರೆ ನಿಮಿಷ, ಅಷ್ಟರಲ್ಲಿ ಹಾಡು ಮುಗಿಸ್ಬೇಕು, ನಡುವಿನ ಮಾತು, ಕೀಟಲೆ, ಎದುರು ಪಾತ್ರದ ಉತ್ತರ ಇದಕ್ಕೆಲ್ಲ ಜಾಗ ಎಲ್ಲಿ? ಭಕ್ತಿ ಹಾಡಿಗೆ, ಶೋಕದ ಹಾಡಿಗೆ ಅದರಿಂದ ಅಂಥಾ ನಷ್ಟ ಇಲ್ಲ. ಹಾಸ್ಯದ ಹಾಡಿಗೆ ಮಾತ್ರ ಅರ್ಧ ಜೀವ ಹೋಗ್ಬಿಡುತ್ತೆ, ಯಾಕಂದ್ರೆ ಅದರ ನಗು ಸಾಹಿತ್ಯದಲ್ಲಿ ಇರೋದಕ್ಕಿಂತ ಹಾಡು ನಿಂತು ಮಾತು ಶುರುವಾಗೋ ಆ ಸಂದಿಯಲ್ಲೇ ಜಾಸ್ತಿ ಇರೋದು.

ಸ್ಟುಡಿಯೋಗೆ ಬೆಳಿಗ್ಗೆನೇ ಹೋದ್ವಿ. ಮೊದಲನೇ ತಕರಾರು ಶ್ರುತಿದು. ಮೇಷ್ಟ್ರ ಕಾಲು ಹಾರ್ಮೋನಿಯಂ ಹಳೇದು, ಅದರ ರೀಡುಗಳು ಇವತ್ತಿನ ಕೀಬೋರ್ಡಿನ ಶ್ರುತಿಗೆ ಕೂರಲ್ಲ, ಒಂದು ಚೂರು ಮೇಲಿದೆ. ಎಂಜಿನಿಯರ್ ಹುಡುಗ ತುಂಬಾ ಮರ್ಯಾದೆಯಿಂದಾನೇ ಹೇಳ್ದ, ಸಾರ್ ಕೀಬೋರ್ಡಲ್ಲೇ ಹಾರ್ಮೋನಿಯಂ ಸೌಂಡ್ ಇದೆ ಅದನ್ನೇ ಹಾಕ್ಬಿಡೋಣ ಅಂತ. ಮೇಷ್ಟ್ರು ಉತ್ತರ ಕೊಡ್ಲಿಲ್ಲ, ಪೆಡಲ್ ತುಳಿದು ಬಿಳಿ ನಾಲ್ಕು, ಅಂದ್ರೆ ನಾಲ್ಕನೇ ಬಿಳಿ ಮನೆಯ ಎತ್ತರದ ಶ್ರುತಿ, ಹಿಡಿದು ಒಂದು ಸಲ ಗಾಳಿ ಪೂರ್ತಿ ಬಿಟ್ರು. ರೂಮೆಲ್ಲ ತುಂಬ್ತು. ಹುಡುಗ ಸುಮ್ಮನೆ ಹೋಗಿ ತಂಬೂರಿ ಸಾಫ್ಟ್‌ವೇರನ್ನ ಚೂರು ಚೂರೇ ಏರಿಸಿ ಹಾರ್ಮೋನಿಯಂಗೆ ಹೊಂದಿಸ್ದ. ನನಗೆ ಅವನ ಮೇಲೆ ಅವಾಗ್ಲೇ ಗೌರವ ಬಂತು. ಮೈಕ್ ಇಲ್ಲದ ಕಾಲದಲ್ಲಿ ಕೊನೇ ಸಾಲಿನವನಿಗೂ ಕೇಳ್ಬೇಕು ಅಂತ ನಟರು ಅಷ್ಟು ಎತ್ತರದ ಶ್ರುತಿ ಹಿಡಿದು ಹಾಡ್ತಿದ್ರು, ಆ ಎತ್ತರ ಇಳಿಸಿಬಿಟ್ರೆ ಧ್ವನಿಯ ಬಿಗಿಯೇ ಬೇರೆ ಆಗುತ್ತೆ, ಅದಕ್ಕೆ ನಾವು ಇಳಿಸಲಿಲ್ಲ.

ಹಗುರವಾದ ಹಾಡುಗಳು ಸಲೀಸಾಗಿ ಆದ್ವು. ಮಧ್ಯಾಹ್ನದ ಹೊತ್ತಿಗೆ ಕಳ್ಳನ ಸೀನಿಗೆ ಬಂದ್ವಿ, ಅಲ್ಲಿ ನಿಂತೋಯ್ತು.

ಮೊದಲು ಸ್ಟುಡಿಯೋ ಪದ್ಧತಿ ಪ್ರಕಾರಾನೇ ಮಾಡಿದ್ವಿ. ಕ್ಲಿಕ್ ಟ್ರ್ಯಾಕ್, ಅಂದ್ರೆ ಲಯ ತೋರಿಸೋಕೆ ಕಿವಿಯಲ್ಲಿ ಒಂದೇ ಸಮ ಬರೋ ಟಿಕ್ ಟಿಕ್ ಸದ್ದು, ಹಾಕಿ ತಬಲಾ ಮೊದಲು, ಆಮೇಲೆ ಹಾರ್ಮೋನಿಯಂ, ಆಮೇಲೆ ಕಳ್ಳ ಒಂದು ಬೂತಲ್ಲಿ, ಸದಾರಮೆ ಇನ್ನೊಂದು ಬೂತಲ್ಲಿ, ಇಬ್ಬರಿಗೂ ಹೆಡ್‌ಫೋನ್. ಎಲ್ಲಾ ಸ್ವರ ಸರಿ, ತಾಳ ಸರಿ, ಕೇಳಿದ್ರೆ ಒಬ್ಬರಿಗೂ ನಗು ಬರ್ತಿಲ್ಲ. ನಮ್ಮ ಕಳ್ಳನ ಪಾರ್ಟಿನವರು ಸ್ಟೇಜಲ್ಲಿ ಹೇಗೆ ಮಾಡ್ತಾರೆ ಅಂದ್ರೆ ಸಾಲಿನ ಕೊನೇ ಪದಕ್ಕೆ ಮುಂಚೆ ಲಯನ ಬೇಕಂತಲೇ ಎಳೀತಾರೆ, ತಬಲಾದವರು ಅವರ ಬಾಯಿ ನೋಡ್ತಾ ಕಾಯ್ತಾರೆ, ಪದ ಬಿದ್ದ ತಕ್ಷಣ ಧಾ ಅಂತ ಒಂದು ಹೊಡೆತ. ಕ್ಲಿಕ್ ಕಾಯುತ್ತಾ? ಅದು ಟಿಕ್ ಟಿಕ್ ಅಂತ ಹೋಗ್ತಾನೇ ಇರುತ್ತೆ, ಇವರು ಅದರ ಹಿಂದೆ ಓಡ್ತಾ ಇದಾರೆ.

ಇನ್ನೊಂದು ಅದಕ್ಕಿಂತ ದೊಡ್ಡದು. ನನ್ನ ಪ್ರಾಂಪ್ಟ್ ಸ್ಕ್ರಿಪ್ಟಲ್ಲಿ ಜನ ಎಲ್ಲೆಲ್ಲಿ ನಗ್ತಾರೋ ಅಲ್ಲೆಲ್ಲ ಪೆನ್ಸಿಲಲ್ಲಿ ಗೆರೆ ಹಾಕಿಟ್ಟಿದೀನಿ, ಸಣ್ಣ ನಗೂಗೆ ಒಂದು ಗೆರೆ, ಜೋರು ನಗೂಗೆ ಎರಡು, ಒನ್ಸ್ ಮೋರ್ ಬರೋ ಕಡೆ ಒಂದು ಸುತ್ತು. ತುಮಕೂರಲ್ಲಿ ಆಡಿದಾಗ ಹಾಕಿದ ಗೆರೆಗಳು ಮೈಸೂರಲ್ಲಿ ಸ್ವಲ್ಪ ಜಾಗ ಬದಲಾಯಿಸಿದಾವೆ, ಅದು ಬೇರೆ ವಿಷಯ. ಕಳ್ಳನ ಸೀನಿನ ಪುಟಗಳಲ್ಲಿ ಅಕ್ಷರಕ್ಕಿಂತ ಗೆರೆನೇ ಜಾಸ್ತಿ. ಸ್ಟುಡಿಯೋದಲ್ಲಿ ಆ ಗೆರೆ ಇರೋ ಕಡೆಯೆಲ್ಲ ಬರೀ ಮೌನ, ನಟರಿಗೆ ಆ ಮೌನ ತಡೆಯೋಕಾಗ್ದೆ ಮುಂದಿನ ಸಾಲಿಗೆ ಹಾರಿಬಿಡ್ತಾ ಇದ್ರು. ಅವರ ಇಷ್ಟು ವರ್ಷದ ಅನುಭವ ಎಲ್ಲ ಜನರ ಜೊತೆ ಮಾತಾಡ್ತಾ ಬಂದಿರೋದು, ಎದುರಿಗೆ ಗಾಜು ಇಟ್ರೆ ಯಾರ ಜೊತೆ ಮಾತಾಡ್ತಾರೆ?

ಯಾರೋ ಅಂದ್ರು, ಟಿವಿ ಶೋಗಳಲ್ಲಿ ಹಾಕ್ತಾರಲ್ಲ ಹಾಗೆ ರೆಡಿಮೇಡ್ ನಗು ಹಾಕ್ಬಿಡಿ ಅಂತ. ಮೇಷ್ಟ್ರು ಒಪ್ಪಲಿಲ್ಲ, ನಾನೂ ಒಪ್ಪಲಿಲ್ಲ. ಯಾವುದೋ ದೇಶದ ಜನ ಇನ್ನ್ಯಾವುದಕ್ಕೋ ನಕ್ಕ ನಗು ತಂದು ಈ ಹಾಡಿಗೆ ಅಂಟಿಸೋದು ನಟರಿಗೂ ಕೇಳೋರಿಗೂ ಮಾಡೋ ಮೋಸ.

ಆಮೇಲೆ ಮೇಷ್ಟ್ರೇ ದಾರಿ ತೋರಿಸಿದ್ರು. ಕ್ಲಿಕ್ ತೆಗೀರಿ, ಬೂತ್ ಬೇಡ, ಎಲ್ಲರೂ ಈ ದೊಡ್ಡ ರೂಮಿಗೆ ಬನ್ನಿ. ಎಂಜಿನಿಯರ್ ಹುಡುಗ ಕಷ್ಟ ಏನು ಅಂತ ವಿವರಿಸ್ದ, ಒಬ್ಬರ ಮೈಕಲ್ಲಿ ಇನ್ನೊಬ್ಬರ ಧ್ವನಿ ಸೇರ್ಕೊಳ್ಳುತ್ತೆ, ಆಮೇಲೆ ಒಂದು ಸಾಲು ಮಾತ್ರ ಕತ್ತರಿಸಿ ಸರಿ ಮಾಡೋಕಾಗಲ್ಲ, ಪಿಚ್ ತಿದ್ದೋಕೂ ಆಗಲ್ಲ, ತಪ್ಪಾದ್ರೆ ಪೂರ್ತಿ ಸೀನು ಮತ್ತೆ ಮಾಡ್ಬೇಕು. ಮಾಡ್ತೀವಿ ಅಂದ್ರು ಕಳ್ಳನ ಪಾರ್ಟಿನವರು, ಸ್ಟೇಜಲ್ಲಿ ಕತ್ತರಿಸೋಕೆ ಯಾರು ಬಿಡ್ತಾರೆ ಅಂತ.

ಕಳ್ಳ, ಸದಾರಮೆ ಎದುರುಬದುರು, ಮೇಷ್ಟ್ರು ಸೈಡ್ ವಿಂಗಲ್ಲಿ ಕೂರೋ ಕೋನದಲ್ಲೇ, ತಬಲಾ ಪಕ್ಕದಲ್ಲಿ, ನಾನು ನೆಲದ ಮೇಲೆ ಸ್ಕ್ರಿಪ್ಟ್ ಹಿಡ್ಕೊಂಡು. ಗೆರೆ ಬಂದಾಗೆಲ್ಲ ಕೈ ಎತ್ತೋದು ನನ್ನ ಕೆಲಸ. ಕೈ ಎತ್ತಿದಾಗ ಮೇಷ್ಟ್ರು ಆ ಜಾಗಕ್ಕೆ ಹಾರ್ಮೋನಿಯಂನಲ್ಲಿ ಒಂದು ಪುಟ್ಟ ತುಣುಕು ನುಡಿಸೋರು, ಹಾಡಿನದೇ ಬಾಲ, ಪ್ರತಿ ಸಲ ಬೇರೆ ಥರ, ಒಂದ್ಸಲ ಕಳ್ಳನ್ನ ಕೆಣಕೋ ಹಾಗೆ, ಒಂದ್ಸಲ ಸದಾರಮೆಗೆ ಭೇಷ್ ಅನ್ನೋ ಹಾಗೆ. ಜನ ನಗೋವಾಗ ಸ್ಟೇಜಲ್ಲಿ ಅವರು ಮಾಡೋದೇ ಇದು, ಆದ್ರೆ ಆ ಗದ್ದಲದಲ್ಲಿ ಅದು ನನಗೆ ಸರಿಯಾಗಿ ಕೇಳೇ ಇರ್ಲಿಲ್ಲ. ಈಗ ಕೇಳ್ತಾ ಇದ್ರೆ ಹಾರ್ಮೋನಿಯಂ ಒಂದು ಮೂರನೇ ಪಾತ್ರ, ಕಳ್ಳ ಅದರ ಕಡೆ ತಿರುಗಿ ಹ್ಞೂಂ ಅಂತ ಒಂದು ಗುರ್ರು ಅನ್ನೋದು, ಅದು ಸ್ಕ್ರಿಪ್ಟಲ್ಲಿ ಇಲ್ಲ, ಅಲ್ಲೇ ಹುಟ್ಟಿದ್ದು, ಸದಾರಮೆ ಪಾರ್ಟಿನ ಹುಡುಗಿ ಆ ಗುರ್ರನ್ನೇ ಎತ್ಕೊಂಡು ತನ್ನ ಸಾಲು ಶುರು ಮಾಡಿದ್ಲು, ಲಯ ಒಂದು ಕೂದಲಷ್ಟೂ ತಪ್ಪಲಿಲ್ಲ. ಗಾಜಿನ ಆ ಕಡೆ ಹುಡುಗ ನಗ್ತಾ ಇದ್ದ, ಧ್ವನಿ ಈ ಕಡೆ ಬರಲ್ಲ, ಭುಜ ಕುಣೀತಿದ್ದಿದ್ದು ಕಾಣಿಸ್ತಿತ್ತು. ಕಳ್ಳನಿಗೆ ಅಷ್ಟು ಸಾಕಾಯ್ತು, ಆಮೇಲಿಂದ ಪೂರ್ತಿ ಸೀನು ಆ ಗಾಜಿನ ಕಡೆಗೇ ಆಡಿದ್ರು.

ಒಂದು ಕಡೆ ತಬಲಾ ಸ್ವಲ್ಪ ಜೋರಾಗಿ ಬಂದಿದೆ, ಇನ್ನೊಂದು ಕಡೆ ಪೆಡಲ್ಲಿನ ಕಿರ್ ಅನ್ನೋ ಸದ್ದು. ಹಾಗೇ ಬಿಡೋದು ಅಂತ ತೀರ್ಮಾನ ಆಯ್ತು, ನನಗಂತೂ ಆ ಕಿರ್ ಬೇಕೇ ಬೇಕು, ಅದಿಲ್ಲದ ಕಂಪನಿ ಹಾಡನ್ನ ನಾನು ಕೇಳಿಲ್ಲ.

ಕೊನೇ ಜಗಳ ಉದ್ದದ್ದು. ಮಾತು ಹಾಡು ಎಲ್ಲ ಸೇರಿ ಹನ್ನೊಂದು ನಿಮಿಷ ಆಗಿದೆ, ಮೊಬೈಲಲ್ಲಿ ಕೇಳೋ ಜನ ಅಷ್ಟೊತ್ತು ಇರಲ್ಲ, ತುಂಡು ಮಾಡಿ ಅಂತ ತಂಡದಲ್ಲೇ ಕೆಲವರು. ತುಂಡು ಮಾಡಿದ್ರೆ ಮತ್ತೆ ಆ ಮೂರು ನಿಮಿಷದ ಪ್ಲೇಟಿಗೇ ವಾಪಸ್ ಹೋದ ಹಾಗೆ ಅಂತ ನಾನು ವಾದ ಮಾಡಿದೆ, ಮೇಷ್ಟ್ರು ಜೊತೆಗೆ ನಿಂತ್ರು, ಒಂದೇ ಟ್ರ್ಯಾಕಾಗಿ ಉಳೀತು. ಇನ್ನು ಶುರುವಿನ ನಾಂದಿ ಹಾಡು, ಕೊನೆಯ ಮಂಗಳ ಹಾಡು ಎರಡೂ ಬಾಕಿ ಇವೆ, ಮೇಳದವರೆಲ್ಲ ಒಟ್ಟಿಗೆ ಸಿಗೋ ಭಾನುವಾರಕ್ಕೆ ಕಾಯ್ತಾ ಇದೀವಿ, ಅವನ್ನೂ ಅದೇ ದೊಡ್ಡ ರೂಮಲ್ಲಿ, ಕ್ಲಿಕ್ ಇಲ್ಲದೇನೇ ಮಾಡೋದು.